ಕಿಂಡಿಯ ಕೆಂಪು ಪೆನ್ಸಿಲ್ಲು

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಸರದಿಯಂತೆ ಒಳಗೆ ಬಿಡುವುದು ನನ್ನ ಕೆಲಸ. ಅದರ ಜೊತೆಗೆ ಇನ್ನೊಂದಿದೆ: ದಿನವೂ ಒಂದು ಕೆಂಪು ಪೆನ್ಸಿಲ್ಲನ್ನು ಚೂಪಾಗಿ ಕೆತ್ತಿ ಔಷಧಿ ಕಿಂಡಿಯ ಕಟ್ಟೆಯ ಮೇಲಿಡುವುದು. ಆ ಕಿಂಡಿಗೆ ಹಲಗೆ ಹೊಡೆದು ಎಷ್ಟೋ ವರ್ಷವಾಗಿದೆ. ಔಷಧಿಯನ್ನು ಎಲ್ಲರೂ ಎದುರಿನ ಅಂಗಡಿಯಿಂದ ತರುತ್ತಾರೆ. ಪೆನ್ಸಿಲ್ಲನ್ನು ಯಾರೂ ಮುಟ್ಟಿದ್ದು ನಾನು ಕಂಡಿಲ್ಲ, ಆದರೂ ಸಂಜೆಯೊಳಗೆ ಮೊನೆ ಸವೆದಿರುತ್ತದೆ, ತಿಂಗಳಿಗೊಂದು ಮುಗಿಯುತ್ತದೆ. ಡಾಕ್ಟರಮ್ಮ ಬರೆದ ಚೀಟಿಯನ್ನು ಆ ಕಟ್ಟೆಯ ಮೇಲೆ ಬೋರಲು ಹಾಕಿ, ಕೈ ತೊಳೆದು ಬಂದ ಮೇಲೆಯೇ ಕೊಡುವುದು ಏಕೆ ಎಂಬುದೂ ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಡೈರಿಯಲ್ಲಿ ಮೂರು ಸಲ ಬರೆದುಕೊಂಡಿದ್ದೆ. ಕೇಳಿರಲಿಲ್ಲ. ಇವಳು ಡಿಗ್ರಿ ಮುಗಿಸಿದಳು, ಇವಳ ಬಾಯಿ ಇನ್ನೂ ಶಾಲೆಗೇ ಸೇರಿಲ್ಲ ಎನ್ನುತ್ತಾಳೆ ನನ್ನಮ್ಮ.

ನಿನ್ನೆ ಸಂಜೆ ಆರೂವರೆಗೆ ಮಳೆ ಹಿಡಿಯಿತು, ಕರೆಂಟು ಹೋಯಿತು. ಉಳಿದವರು ಜ್ವರದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ಒಬ್ಬ ತಾಯಿ, ಹೆಬ್ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡ ಬಸ್ ಡ್ರೈವರಣ್ಣ, ಮತ್ತೆ ನಾನು. ಎಂಬತ್ತೆರಡರ ಡಾಕ್ಟರಮ್ಮ ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದರಲ್ಲಿ ಮಗುವಿನ ಚೀಟಿ ಹಿಡಿದು ಹೊರಗೆ ಬಂದವರು, ಎಂದೂ ಇಲ್ಲದ ಹಾಗೆ ರೋಗಿಗಳ ಬೆಂಚಿನ ಮೇಲೆ ಕೂತರು.

"ಕೊಡಿ ಡಾಕ್ಟರಮ್ಮ, ಅಂಗಡಿ ಮುಚ್ಚಿಬಿಡ್ತಾನೆ," ಎಂದು ತಾಯಿ ಕೈ ಚಾಚಿದಳು.

"ಇರಮ್ಮ, ಕೂತ್ಕೋ. ಒಂದು ದೆವ್ವದ ವಿಷಯ ಹೇಳ್ಬೇಕು."

"ಇಂಜೆಕ್ಷನ್ನಿಗಿಂತ ದೆವ್ವಾನೇ ವಾಸಿ, ಹೇಳಿ," ಎಂದ ಡ್ರೈವರಣ್ಣ.

ಡಾಕ್ಟರಮ್ಮ ನಗಲಿಲ್ಲ.

"ಆಗ ನನಗೆ ಮೂವತ್ತೊಂದು. ಈ ಬೆಂಚಿಂದ ರಸ್ತೆ ತನಕ ಜನ ನಿಲ್ಲೋರು. ದೇವರ ಕೈ ಅನ್ನೋರು ನನ್ನ ಕೈನ... ಹೊಗಳಿಕೆ ಇದೆಯಲ್ಲ, ಅದೂ ಒಂದು ಜ್ವರಾನೇ ಕಣ್ರಪ್ಪ, ಏರ್ತಾ ಇರೋದು ಗೊತ್ತಾಗಲ್ಲ. ಆ ಕಿಂಡೀಲಿ ಒಬ್ಬ ಕಾಂಪೌಂಡರ್ ಇದ್ರು, ನನಗಿಂತ ಇಪ್ಪತ್ತು ವರ್ಷ ದೊಡ್ಡೋರು. ನಾನು ಬರೆದ ಚೀಟಿ ಓದೋರು, ಕಿಂಡಿಯಿಂದ ಬಗ್ಗಿ ರೋಗಿ ಮುಖ ನೋಡೋರು, ಆಮೇಲೆ ಮೂಲೇಲಿ ಕೆಂಪು ಪೆನ್ಸಿಲ್ಲಲ್ಲಿ ಒಂದು ಸರಿ ಗುರುತು ಹಾಕೋರು. ಎಡಚರು ಅವರು, ಗುರುತೂ ಎಡಕ್ಕೇ ವಾಲ್ತಿತ್ತು. ಅದಿಲ್ಲದೆ ಒಂದು ಬಾಟ್ಲಿನೂ ಆಚೆ ಹೋಗ್ತಿರಲಿಲ್ಲ.

"ಒಂದಿನ ಕಾಂಪೌಂಡರ್ ಯಾವುದೋ ಮಗುವಿನ ಚೀಟಿ ಹಿಡ್ಕೊಂಡು ಒಳಗೆ ಬಂದ್ರು. 'ಎರಡು ಚಮಚ ಅಂತ ಇದೆ, ಎರಡು ಹನಿ ಅಲ್ವಾ ಅಮ್ಮಾ?' ಅಂದ್ರು. ಅಷ್ಟು ಜನರ ಎದುರಿಗೆ ಕೇಳೋದಾ ಅಂತ ನನಗೆ ಉರಿ. ತಲೆನೂ ಎತ್ತಲಿಲ್ಲ. 'ಡಾಕ್ಟ್ರು ನೀವೋ ನಾನೋ? ಬರೆದದ್ದು ಕೊಡಿ' ಅಂದೆ. ಕೊಟ್ರು. ಗುರುತು ಮಾತ್ರ ಹಾಕಲಿಲ್ಲ. ಬೆಳಗಾಗೋದರೊಳಗೆ ಆ ಮಗು..."

ತಾಯಿ ತನ್ನ ಮಗುವನ್ನು ಎದೆಗೆ ಒತ್ತಿಕೊಂಡಳು.

"ಚೀಟಿ ವಾಪಸ್ ತರಿಸ್ಕೊಂಡು ಒಲೆಗೆ ಹಾಕ್ದೆ. ಎರಡು ಹನಿ ಅಂತ ಹೊಸದು ಬರೆದೆ, ಕೆಂಪು ಗುರುತೂ ನಾನೇ ಹಾಕ್ದೆ. ವಿಚಾರಣೆಗೆ ಬಂದೋರು ಅದನ್ನ ನೋಡಿ, ಕಾಂಪೌಂಡರೇ ತಪ್ಪು ಕೊಟ್ಟ ಅಂದ್ರು. ಕಾಂಪೌಂಡರ್ ಆ ಚೀಟಿನ ಬಹಳ ಹೊತ್ತು ನೋಡಿದ್ರು. ಗುರುತು ಬಲಕ್ಕೆ ವಾಲಿತ್ತಲ್ಲ... ಆಮೇಲೆ ನನ್ನ ಮುಖ ನೋಡಿದ್ರು. ಪೆನ್ಸಿಲ್ಲನ್ನ ಕಟ್ಟೆ ಮೇಲಿಟ್ಟು ಹೊರಟುಹೋದ್ರು. ಯಾರು ಕೆಲಸ ಕೊಡ್ತಾರೆ ಅಂಥೋರಿಗೆ? ಎರಡೇ ವರ್ಷಕ್ಕೆ ತೀರಿಕೊಂಡ್ರು."

"ಅವರು ಕುಡುಕರಂತಲ್ಲ? ನಮ್ಮಪ್ಪ ಈಗಲೂ ಹೇಳ್ತಾರೆ," ಎಂದ ಡ್ರೈವರಣ್ಣ ಮೆಲ್ಲಗೆ.

"ಟೀ ಕೂಡ ಕುಡೀತಿರಲಿಲ್ಲ ಕಣಪ್ಪ. ಇವತ್ತು ಮನೆಗೆ ಹೋಗಿ ನಿಮ್ಮಪ್ಪನಿಗೆ ಹೇಳು, ತಪ್ಪು ಡಾಕ್ಟರಮ್ಮಂದು, ಅವಳೇ ಬಾಯಿಬಿಟ್ಟು ಹೇಳಿದ್ಲು ಅಂತ. ನಾಲ್ಕು ಜನಕ್ಕೆ ಹೇಳು." ಮೇಣದಬತ್ತಿಯನ್ನು ಬೆಂಚಿನ ಮೇಲೆ ನಿಲ್ಲಿಸಿದರು. "ಅವರ ಸಾವಿನ ಸುದ್ದಿ ಬಂದ ದಿನ ಒಂದು ಚೀಟಿ ಆ ಕಟ್ಟೆ ಮೇಲಿಟ್ಟು ಕೈ ತೊಳೆಯೋಕೆ ಹೋದೆ. ಬಂದು ನೋಡ್ತೀನಿ, ಮೂಲೇಲಿ ಕೆಂಪು ಗುರುತು... ಎಡಕ್ಕೆ ವಾಲಿದೆ. ಕಿಂಡಿಗೆ ಹಲಗೆ ಹೊಡೆಸಿದೆ. ಪೆನ್ಸಿಲ್ಲನ್ನ ಚರಂಡಿಗೆ ಎಸೆದೆ. ಬೆಳಿಗ್ಗೆ ಕಟ್ಟೆ ಮೇಲೇ ಇತ್ತು, ಒದ್ದೆಯಾಗಿ. ಸೇಡು ತೀರಿಸೋಕೆ ಬಂದಿದಾರೆ ಅಂತ ಅನ್ನ ನೀರು ಬಿಟ್ಟೆ. ಹಾಗಿರುವಾಗ ಒಂದಿನ ಒಂದು ಚೀಟಿಗೆ ಗುರುತು ಬೀಳಲಿಲ್ಲ. ತಿರುಗಿಸಿ ಓದಿದ್ರೆ, ತಪ್ಪು ಬರೆದಿದ್ದೆ. ಸೇಡು ಎಲ್ಲಿಂದ ಬಂತು? ಆ ಮನುಷ್ಯ ಕೆಲಸಕ್ಕೆ ಬಂದಿದ್ರು ಅಷ್ಟೇ. ಇಷ್ಟು ವರ್ಷದಲ್ಲಿ ಹನ್ನೊಂದು ಸಲ ಗುರುತು ಬೀಳಲಿಲ್ಲ. ಹನ್ನೊಂದು ಜನಾನೂ ಉಳಿದ್ರು."

ಅವರು ಕೈಯಲ್ಲಿದ್ದ ಚೀಟಿಯನ್ನು ಬೆಳಕಿಗೆ ಹಿಡಿದರು. ಮೂಲೆ ಬರಿದಾಗಿತ್ತು.

"ಇದು ಹನ್ನೆರಡನೇದು. ನಾಲ್ಕು ಸಲ ಓದಿದೆ, ತಪ್ಪು ಸಿಗ್ತಿಲ್ಲ. ಇನ್ನೊಬ್ಬರನ್ನ ಕೇಳಿ ಅಭ್ಯಾಸ ಇಲ್ಲ ನನಗೆ... ಇಷ್ಟೆಲ್ಲ ಹೇಳದೆ ಹೇಗೆ ಕೇಳಲಿ?"

ಮಧ್ಯಾಹ್ನ ಹೆಸರು ಬರೆಸುವಾಗ ಆ ತಾಯಿ ಬೇರೆ ಊರಿನ ಒಂದು ಹಳೆಯ ಚೀಟಿ ಕೊಟ್ಟು, ಈ ಔಷಧಿಗೆ ಮಗುವಿನ ಮುಖ ಊದಿ ಉಸಿರು ಕಟ್ಟಿತ್ತು, ಡಾಕ್ಟರಮ್ಮನಿಗೆ ಹೇಳು ಎಂದಿದ್ದಳು. ನಾನು ಬಾಗಿಲು ಅರ್ಧ ತೆಗೆದಿದ್ದೆ. ಒಳಗೆ ಯಾರೋ ರೋಗಿ ಇದ್ದರು, ಡಾಕ್ಟರಮ್ಮ "ಆಮೇಲೆ ಬಾ" ಎಂದಿದ್ದರು. ಚೀಟಿಯನ್ನು ಡೈರಿಯೊಳಗೆ ಇಟ್ಟುಕೊಂಡು ಸುಮ್ಮನೆ ಬಂದು ಕೂತಿದ್ದೆ.

ಡೈರಿ ಬಿಚ್ಚಿ ಆ ಚೀಟಿಯನ್ನು ಡಾಕ್ಟರಮ್ಮನ ಕೈಯಲ್ಲಿದ್ದ ಚೀಟಿಯ ಪಕ್ಕ ಹಿಡಿದೆ. ಅದೇ ಔಷಧಿ.

"ಅಮ್ಮಾ... ಇದು ಈ ಮಗುವಿಗೆ ಆಗಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಆಗಲೇ ಹೇಳಿದ್ನಲ್ಲ ಈ ಹುಡುಗಿಗೆ," ಎಂದು ತಾಯಿ ಸಿಡುಕಿದಳು.

"ಅವಳನ್ನ ಬಯ್ಯಬೇಡಮ್ಮ. ಬಾಗಿಲ ತನಕ ಬಂದಿದ್ಲು. ಆಮೇಲೆ ಬಾ ಅಂದೋಳು ನಾನು. ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡು."

ತಾವು ಬರೆದಿದ್ದ ಚೀಟಿಯನ್ನು ಹರಿದು ಬೇರೆ ಔಷಧಿ ಬರೆದರು. ಕಟ್ಟೆಯ ಮೇಲೆ ಬೋರಲು ಹಾಕಿ ಕೈ ತೊಳೆಯಲು ಹೋದರು. ನಾವು ಮೂವರೂ ಉಸಿರು ಬಿಗಿಹಿಡಿದೆವು. ತಿರುಗಿ ಬಂದು ಚೀಟಿಯನ್ನು ತಾಯಿಯ ಕೈಗೇ ಕೊಟ್ಟರು. ಅವಳು ಮೂಲೆಯನ್ನು ನೋಡಿದಳು, ಕಣ್ಣೊರೆಸಿಕೊಂಡಳು, ಮಗುವನ್ನು ಎತ್ತಿಕೊಂಡು ಡ್ರೈವರಣ್ಣನ ಕೊಡೆಯಲ್ಲಿ ಅಂಗಡಿಗೆ ಹೋದಳು.

"ನಾಳೆಯಿಂದ ನನ್ನ ಚೀಟಿ ಎಲ್ಲಾ ಮೊದಲು ನೀನು ಓದ್ಬೇಕು. ತಪ್ಪಿದ್ರೆ ನೂರು ಜನರ ಮುಂದೆ ಆದ್ರೂ ಹೇಳ್ಬೇಕು," ಎಂದರು ಡಾಕ್ಟರಮ್ಮ.

"ಹಾಗಾದ್ರೆ ಪೆನ್ಸಿಲ್ಲು ಇನ್ನು ಬೇಡ್ವಾ?" ಎಂದೆ. ಕೊನೆಗೂ ಕೇಳಿದ್ದೆ.

ಅವರು ನನ್ನನ್ನಲ್ಲ, ನನ್ನ ಎಡಗಡೆಯ ಕತ್ತಲೆಯನ್ನು ನೋಡಿ ನಕ್ಕರು.

"ಕೆತ್ತಿಬಿಡಮ್ಮ ಬೇಗ. ಆಗಿಂದ ಕೈ ಚಾಚಿಕೊಂಡು ನಿಂತಿದಾರೆ."