ಲೆಕ್ಕಕ್ಕೆ ಹಿಡಿಯದ ತಿಂಗಳು

ಅಧ್ಯಕ್ಷರಾದ ಜಂಬುನಾಥ ಅವರೇ, ಹೊಸ ಕ್ಯಾಲೆಂಡರ್ ಬಿಡುಗಡೆ ಮಾಡಿಕೊಟ್ಟ ದಾಕ್ಷಾಯಣಮ್ಮನವರೇ, ಬ್ರೂಸ್‌ಪೇಟೆ ವರ್ತಕರ ಬಳಗದ ಬಂಧುಗಳೇ, ಉಪ್ಪಿಟ್ಟಿನ ವಾಸನೆ ಬಂದರೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ಮೊಬೈಲನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ, ಕ್ಷಮಿಸಬೇಕು. ಕಾರಣ ಆಮೇಲೆ ಹೇಳುತ್ತೇನೆ. "ನರಸಿಂಹ ಮೇಷ್ಟ್ರೇ, ನೀವು ಲೆಕ್ಕದವ್ರು, ತಿಂಗಳು ವರ್ಷದ ಬಗ್ಗೆ ನಾಕು ಮಾತಾಡ್ರಿ" ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ.

ವರ್ಷ ಎಂದರೇನು? ಯಾರ ವರ್ಷ? ಸರ್ಕಾರದ್ದು ಏಪ್ರಿಲ್‌ನಲ್ಲಿ ಹುಟ್ಟುತ್ತದೆ, ಶಾಲೆಯದು ಜೂನ್‌ನಲ್ಲಿ, ನಿಮ್ಮ ಅಂಗಡಿಗಳದು ದೀಪಾವಳಿ ಪೂಜೆಗೆ. ನಾನು ಕುರುಗೋಡಿನಲ್ಲಿದ್ದಾಗ ಬಾದನಹಟ್ಟಿಯ ಸುಂಕಣ್ಣ ಮಗಳನ್ನು ಶಾಲೆಗೆ ಸೇರಿಸಲು ಬಂದ. ಹುಟ್ಟಿದ್ದು ಯಾವಾಗ ಎಂದು ಕೇಳಿದೆ. "ಕಾಲುವಿಗೆ ನೀರು ಬಿಟ್ಟಿದ್ರು ಸಾರ್, ನಾಟಿ ನಡದಿತ್ತು. ತಿಂಗಳು ನೀವೇ ಹಾಕ್ಕೊಳ್ರಿ" ಎಂದ. ನಾನು ಬಿದ್ದು ಬಿದ್ದು ನಕ್ಕೆ. ಆಗಿನ್ನೂ ಹುಡುಗ ಮೇಷ್ಟ್ರು, ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಮುಂದೆ ನಮ್ಮ ಮನೆಯಲ್ಲೇ ತಿಂಗಳ ಲೆಕ್ಕ ಬಂತು. ನನ್ನ ಹೆಂಡತಿ ವಿಜಯಾಬಾಯಿಗೆ ಸಿರುಗುಪ್ಪದ ತವರಿನಲ್ಲಿ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಏಳರಲ್ಲಿ ಹುಟ್ಟಿದ ಕೂಸು ಉಳಿಯುತ್ತದೆ, ಎಂಟರದು ಉಳಿಯುವುದಿಲ್ಲ ಎಂಬ ಹಳಬರ ಮಾತು ನಿಮಗೂ ಗೊತ್ತು. ಅದು ಸುಳ್ಳು ಎಂದು ಡಾಕ್ಟರು ಹೇಳಿದರು, ನಾನೂ ಹೇಳಿದೆ. ಆದರೆ ನೋಡಲು ಬಂದವರೆಲ್ಲ ತೊಟ್ಟಿಲಿಗೆ ಬೆನ್ನು ಮಾಡಿ ಕಣ್ಣೊರೆಸಿಕೊಳ್ಳುವಾಗ ವಿಜ್ಞಾನ ಎಷ್ಟು ಹೊತ್ತು ನಿಲ್ಲುತ್ತದೆ? ವಿಜಯಾ ಊಟ ಬಿಟ್ಟಳು. ಕೂಸಿನ ಮುಖ ನೋಡಲೂ ಹೆದರಿದಳು.

ಆಗ ನಮ್ಮ ಅಮ್ಮ ಬಳ್ಳಾರಿಯಿಂದ ಬಸ್ಸಿಳಿದು ಬಂದಳು. ಆ ವರ್ಷ ಅಧಿಕ ಮಾಸ ಬಂದಿತ್ತು. ಚಂದ್ರನ ವರ್ಷ ಸೂರ್ಯನದಕ್ಕಿಂತ ಚಿಕ್ಕದು, ಅದನ್ನು ಸರಿದೂಗಿಸಲು ಸುಮಾರು ಮೂರು ವರ್ಷಕ್ಕೊಮ್ಮೆ ಸೇರಿಸುವ ಹೆಚ್ಚಿನ ತಿಂಗಳು ಅದು. ಅಮ್ಮ ಬಾಗಿಲಲ್ಲೇ ನಿಂತು ಕೇಳಿದಳು: "ಅಧಿಕದಾಗ ಮದುವಿ ಇಲ್ಲ, ಮುಂಜಿ ಇಲ್ಲ, ಯಾವುದೂ ಲೆಕ್ಕಕ್ಕಿಲ್ಲ. ಬಸುರಿಗೆ ಮಾತ್ರ ಯಾಕ ಹಿಡಿತೀರಿ? ಅದನ್ನ ತಗದ್ರ ಏಳು. ಏಳರ ಕೂಸು ಬದುಕ್ತದ. ವಿಜಯಾ, ಎದ್ದು ಹಾಲು ಕುಡಸು."

ಇಂಥ ವ್ಯವಕಲನ ಯಾವ ಪುಸ್ತಕದಲ್ಲಿದೆ? "ಅಮ್ಮಾ, ಹೊಟ್ಟೆಯೊಳಗಿನ ಕೂಸಿಗೆ ಪಂಚಾಂಗ ಗೊತ್ತೇನು?" ಎಂದೆ. "ನೀ ಸುಮ್ನಿರು" ಎಂದಳು. ವಿಜಯಾ ಎದ್ದಳು, ಹಾಲು ಕುಡಿಸಿದಳು. ಆ ಕೂಸೇ ನಮ್ಮ ಶ್ರೀಕೃತಿ. ಗಾಂಧಿನಗರದವರಿಗೆ ಪರಿಚಯ, ಇದೇ ಸಭಾಂಗಣದಲ್ಲಿ ಅವಳ ಮದುವೆಯಾಯಿತು.

ಈಗ ಮೊಬೈಲಿನ ವಿಷಯ, ಆಸ್ಪತ್ರೆಯಿಂದ ಕರೆ ಬರಬಹುದು. ಇಂದು ಬೆಳಿಗ್ಗೆ ಶ್ರೀಕೃತಿಗೆ ಹೆರಿಗೆಯಾಗಿದೆ. ಹೆಣ್ಣು ಮಗು. ಎಂಟನೇ ತಿಂಗಳು. ಗಾಜಿನ ಪೆಟ್ಟಿಗೆಯಲ್ಲಿದೆ, ತಾನೇ ಉಸಿರಾಡುತ್ತಿದೆ, ಹೆದರಬೇಡಿ ಎಂದಿದ್ದಾರೆ ಡಾಕ್ಟರು. ಇದನ್ನು ಹೇಳಬಾರದು ಎಂದುಕೊಂಡೇ ಮನೆ ಬಿಟ್ಟಿದ್ದೆ. ಭಾಷಣಕ್ಕೆ ನಿಂತವನ ಬಾಯಿ ನೋಡಿ, ಹೇಗೆ ಜಾರುತ್ತದೆ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಅಜ್ಜಿಯೊಬ್ಬರು, "ಎಷ್ಟು ತಿಂಗಳಿಗೆ ಆತ್ರಿ?" ಎಂದು ಕೇಳಿದರು. ಸಭಿಕರೇ, ಜೀವಮಾನವೆಲ್ಲ ಲೆಕ್ಕ ಕಲಿಸಿದ ನನಗೆ ಎಂಟು ಎನ್ನಲು ನಾಲಗೆ ಏಳಲಿಲ್ಲ. ನನಗೆ ಭಯವಾಯಿತು. ಈಗಲೂ ಇದೆ. ವಿಜಯಾ ಗೋಡೆ ನೋಡುತ್ತಿದ್ದಳು. ಮಲಗಿದಲ್ಲಿಂದಲೇ ಶ್ರೀಕೃತಿ ಹೇಳಿದಳು, "ಏಳ್ರಿ ಅಜ್ಜಿ. ನಡುವ ಅಧಿಕ ಬಂದಿತ್ತಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ಲೆಕ್ಕ ಸರಿ ಅದಲ್ಲ?" ಎಂದಳು.

ಸರಿ ಇದೆ ಎಂದೆ. ಅಮ್ಮ ಹೋಗಿ ಬಹಳ ವರ್ಷವಾಯಿತು, ಅವಳ ಲೆಕ್ಕಕ್ಕೆ ಇವತ್ತು ಒಪ್ಪಿಗೆ ಕೊಟ್ಟೆ.

ನೀವು ನಾಳೆ ಮಗು ನೋಡಲು ಬಂದರೆ ತಿಂಗಳು ಕೇಳಬೇಡಿ. ಕೇಳುವವರಿದ್ದರೆ, ಏಳು ಎಂದು ನೀವೇ ಹೇಳಿಬಿಡಿ. ತಾಳ್ಮೆಯಿಂದ ಕೇಳಿದ್ದಕ್ಕೆ ಕೃತಜ್ಞತೆಗಳು. ಉಪ್ಪಿಟ್ಟಿಗೆ ನಿಲ್ಲುವುದಿಲ್ಲ, ಮೊಮ್ಮಗಳು ಕಾಯುತ್ತಿದ್ದಾಳೆ. ನಮಸ್ಕಾರ.