ಈ ಬಟ್ಟೆಯ ಕೆಳಗೆ ನಾನಿಲ್ಲ

ಪೂಜ್ಯ ಅಧ್ಯಕ್ಷರಾದ ಸಭಾಪಾಲಕರೇ, ಬಡಗಿಯವರೇ, ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನಮ್ಮ ಬೇಕರಿಯ ಕೆಲಸಗಾರರೇ, ಆಗಲೇ ಬನ್ನಿಗೆ ಕೈಹಾಕಿರುವ ಸಭಿಕರೇ,

ನಮ್ಮ ಬೇಕರಿಯ ವಾರ್ಷಿಕೋತ್ಸವದ ವೇದಿಕೆಯಲ್ಲಿ ಈ ಬಟ್ಟೆಯ ಕೆಳಗೇನಿದೆ ಎಂದು ಎಲ್ಲರಿಗೂ ಕುತೂಹಲ. ಒಂದು ಸ್ಟೂಲಿದೆ, ಅಷ್ಟೇ. ಅದರ ಮೇಲೆ ನನ್ನ ಪ್ರತಿಮೆ ಇರಬೇಕಿತ್ತು. ಮಾಡಿಸಿದವನು ನಾನೇ. ಬೇರೆ ಯಾರಾದರೂ ಮಾಡಿಸುತ್ತಾರೆಂದು ಕಾದು ಕಾದು ಸಾಕಾಗಿತ್ತು.

ಬಡಗಿಯವರು ಗುಟ್ಟಾಗಿ ಕೆತ್ತಿಕೊಟ್ಟರು. ದೊಡ್ಡ ದಿಮ್ಮಿ. ಅರ್ಧ ನಾನಾದೆ, ಉಳಿದರ್ಧ ನಮ್ಮದೇ ಭಟ್ಟಿಗೆ ಸೌದೆಯಾಯಿತು. ಅಬ್ಬಬ್ಬಾ, ಏನು ಹೋಲಿಕೆ! ನನ್ನ ಟೋಪಿ ಹಾಕಿ, ಇವತ್ತಿನ ಅನಾವರಣದವರೆಗೆ ಇರಲಿ ಎಂದು ಬೇಕರಿಯ ಗಾಜಿನ ಕೋಣೆಯಲ್ಲಿ ನನ್ನ ಕುರ್ಚಿಯ ಮೇಲೆ ಕೂರಿಸಿದೆ. ಯಜಮಾನ ನೋಡುತ್ತಿದ್ದಾನೆಂಬ ಭಯವಿದ್ದರೆ ಕೆಲಸ ತಾನಾಗಿ ನಡೆಯುವುದಿಲ್ಲವೇ? ನಾನು ಮನೆಗೆ ಹೋಗಿ ಗೊರಕೆ ಹೊಡೆದೆ.

ಕಳೆದ ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಪ್ರಸಂಗ ಮಾಡುತ್ತಾ, ಅರ್ಧ ಮರದಿಂದ ರೊಟ್ಟಿ ಸುಟ್ಟುಕೊಂಡು, ಉಳಿದರ್ಧವನ್ನು ದೇವರೆಂದು ಕೆತ್ತಿ ಅಡ್ಡಬಿದ್ದವನ ಕಥೆ ಹೇಳಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. “ಎಂಥ ದಡ್ಡ ಕಣೇ ಅವ್ನು!” ಎಂದು ಹೆಂಡತಿಗೆ ಬೇರೆ ಹೇಳಿದೆ. ಅವಳು ನನ್ನನ್ನೇ ನೋಡಿದಳು. ಯಾಕೆಂದು ಹೊಳೆಯಲಿಲ್ಲ.

ನಿನ್ನೆ ನಮ್ಮ ಹಿರಿಯ ಬೇಕರ್ ಗಾಜಿನಾಚೆ ನಿಂತು, “ಯಜಮಾನ್ರೇ, ನಾಳೆ ಬೆಳಿಗ್ಗೆ ರಜೆ ತಗೊಳ್ಲಾ?” ಎಂದರಂತೆ. ಬೈಗುಳ ಬರಲಿಲ್ಲ. ಬೈಯದ ಯಜಮಾನ! ಸುದ್ದಿ ಹಬ್ಬಿತು. ಎಲ್ಲರೂ ಕೇಳಿದರು, ಎಲ್ಲರಿಗೂ ರಜೆ ಸಿಕ್ಕಿತು. ಸೌದೆಯವನು “ಸಾರ್, ಲೋಡ್ ಇಳಿಸ್ಲಾ?” ಎಂದು ಕೂಗಿ ಕೂಗಿ, ಉತ್ತರವಿಲ್ಲದೆ ಗಾಡಿ ತಿರುಗಿಸಿಕೊಂಡು ಹೋದ.

ಇವತ್ತು ಬೆಳಿಗ್ಗೆ ಬಂದು ನೋಡಿದರೆ ಕೆಲಸಗಾರರಿಲ್ಲ, ಸೌದೆಯಿಲ್ಲ, ನಿಮಗೆಲ್ಲ ಕೊಡಲು ಒಂದು ಬನ್ನೂ ಇಲ್ಲ! ಊರ ಮುಂದೆ ಮಾನ ಹೋಯಿತಲ್ಲಪ್ಪಾ ಎಂದು ಕಂಗಾಲಾಗಿ, “ನೀನಾದ್ರೂ ಒಂದ್ ಮಾತು ಹೇಳ್ಬಾರದಿತ್ತಾ?” ಎಂದು ಆ ಮರವನ್ನೇ ಕೇಳಿದೆ. ಬಾಯಿ ಇತ್ತು, ಕಿವಿಯೂ ಇತ್ತು. ಬಡಗಿಯವರ ಕೆಲಸದಲ್ಲಿ ಏನೂ ಕೊರತೆಯಿಲ್ಲ.

ಹೆಂಡತಿ ಕೊಡಲಿ ಹಿಡಿದು ಬಂದಳು. “ಸೌದೆ ಇಲ್ಲೇ ಕೂತಿದೆಯಲ್ರೀ.”

“ಅಯ್ಯೋ, ಅದು ನಾನು ಕಣೇ!”

“ಹಾಗಾದ್ರೆ ಎದ್ದು ಬಂದು ಹಿಟ್ಟು ನಾದ್ಲಿ, ನೋಡೋಣ.”

ಅದು ಏಳಲಿಲ್ಲ. ನಾನೇ ನಾದಿದೆ.

ನೀವು ತಿನ್ನುತ್ತಿರುವ ಬನ್ನು ಬೆಂದದ್ದು ಆ ಬೆಂಕಿಯಲ್ಲಿ. “ಇಷ್ಟು ವರ್ಷಕ್ಕೆ ಇವತ್ತು ಬೇಕರಿಗೆ ಉಪಯೋಗಕ್ಕೆ ಬಂದ್ರಿ” ಎಂದಳು ನನ್ನವಳು. ನಾದಿದ್ದಕ್ಕೋ, ಉರಿದಿದ್ದಕ್ಕೋ, ಕೇಳಲು ಧೈರ್ಯವಾಗಲಿಲ್ಲ.

ಬಡಗಿಯವರಿಗೂ, ಕೊಡಲಿ ಹಿಡಿದ ಕೈಗೂ ವಂದನೆಗಳು. ರಜೆ ಬೇಕಾದವರು ನಾಳೆಯಿಂದ ನನ್ನನ್ನೇ ಕೇಳಿ. ಮೊದಲು ಬೈಯುತ್ತೇನೆ, ಆಮೇಲೆ ಕೊಡುತ್ತೇನೆ. ನಮಸ್ಕಾರ.