ಗಣಿತ ಬೇಕಂತ

ಹಾವೇರಿ ಬಸ್ ನಿಲ್ದಾಣದಲ್ಲಿ ಗುತ್ತಲದ ಬಸ್ಸಿಗಾಗಿ ಕಾಯುತ್ತಿದ್ದ ಪುಷ್ಪಾವತಿಯ ಬೆಂಚಿಗೆ ಒಬ್ಬ ತಂದೆ, ಮಗಳು ಬಂದು ಕುಳಿತರು. ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ಬಗ್ಗೆ ವಿಚಾರಿಸಿ ಬಂದವರೆಂದು ಮಾತಿನಿಂದಲೇ ತಿಳಿಯಿತು. ಪುಷ್ಪಾವತಿ ತನ್ನ ಚೀಲವನ್ನು ಎಳೆದುಕೊಂಡು ಜಾಗ ಬಿಟ್ಟಳು.

“ತೊಂಬತ್ತೆರಡು ಪರ್ಸೆಂಟ್ ಐತಿ. ಆದ್ರೂ ಸೀಟ್ ಕೊಡಂಗಿಲ್ಲಂದ್ರ ಹೆಂಗ ಶೈಲಾ?”

“ಪಿಯುಸಿಯೊಳಗ ಗಣಿತ ಇರಬೇಕಂತಪ್ಪಾ. ನನಗಿಲ್ಲ.”

“ಮತ್ತ ನೀ ಯಾಕ ಗಣಿತ ತಗೊಳ್ಳಲಿಲ್ಲ?”

ಹುಡುಗಿ ಅಪ್ಪನ ಮುಖ ನೋಡಿದಳು. ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

“ನಮ್ಮೂರ ಕಾಲೇಜಿನ್ಯಾಗ ಗಣಿತ ಇರಲಿಲ್ಲ. ರಾಣೆಬೆನ್ನೂರಿಗೆ ಹೋಗ್ತೀನಿ ಅಂದೆ. ದಿನಾ ಒಬ್ಬಾಕೀನ ಬಸ್ಸಿನ್ಯಾಗ ಬ್ಯಾಡ ಅಂದಿ.”

“ನಾನಾ?”

“ಹೂಂ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅದಕ್ಕೇ ಪುಷ್ಪಾವತಿಗೆ ಅತ್ತ ತಿರುಗಿ ನೋಡಲು ಧೈರ್ಯವಾಗಲಿಲ್ಲ.

“ಅಂಜಿಕಿ ಆಗಿತ್ತವ್ವಾ.”

“ಗೊತ್ತೈತಿ.”

“ಈಗೇನ್ ದಾರಿ?”

“ಗಣಿತ ತಗೊಂಡು ಮತ್ತ ಮೊದಲಿಂದ ಪಿಯುಸಿ ಓದಬೇಕು. ಇನ್ನೂ ಎರಡು ವರ್ಷ.”

“ನಿನ್ನ ಗೆಳತ್ಯಾರೆಲ್ಲ ಮುಂದ ಹೋಗ್ತಾರ.”

“ಹೋಗ್ಲಿ.”

ರಾಣೆಬೆನ್ನೂರಿನ ಬಸ್ಸು ಬಂದು ನಿಂತಿತು. ತಂದೆ ಎದ್ದ.

“ನಡೀ, ಇವತ್ತs ಅಲ್ಲಿ ಪಿಯು ಕಾಲೇಜಿನ್ಯಾಗ ಕೇಳಿ ಬರೂಣು.”

“ನೀ ಮನಿಗೆ ಹೋಗಪ್ಪಾ. ನಾ ಒಬ್ಬಾಕೀನ ಹೋಗಿ ಕೇಳ್ತೀನಿ.”

ಅವನು ಜೇಬಿನಿಂದ ಬಸ್ಸಿನ ದುಡ್ಡು ತೆಗೆದು ಮಗಳ ಕೈಗಿಟ್ಟ. ಅವಳು ಹತ್ತಿದ ಬಸ್ಸು ಹೊರಳಿ ಹೆದ್ದಾರಿಯ ಕಡೆ ಹೋಯಿತು. ಆಮೇಲೆ ಅವನೂ ತನ್ನೂರಿನ ಬಸ್ಸು ಹುಡುಕುತ್ತ ನಿಧಾನವಾಗಿ ನಡೆದ.